ಲೆಫ್ಟ್ ಕಾರ್ನರ್‌ನಲ್ಲಿ ನಿಂತವಳು

ಕಬಡ್ಡಿಯಿಂದ ಮುಟ್ಟುವುದನ್ನು ತೆಗೆದುಹಾಕಿದರೆ ಉಳಿಯುವುದಾದರೂ ಏನು? ಏಳು ಜನ ಸಾಲಾಗಿ ನಿಂತು, ಎದುರು ಕಡೆಯಿಂದ ಬಂದ ಒಬ್ಬಳು ಉಸಿರು ಬಿಗಿಹಿಡಿದು ಗೊಣಗುವುದನ್ನು ಕೇಳಿಸಿಕೊಂಡು, ಸರಿಯಮ್ಮಾ ಹೋಗಿ ಬಾ ಎಂದು ಕಳಿಸಿಕೊಡುವುದು. ಎದೆಜ್ವರ ಬಂದ ಎರಡನೇ ವರ್ಷ ಹೈಸ್ಕೂಲುಗಳಿಗೆ ಬಂದ ಸುತ್ತೋಲೆ ಹೆಚ್ಚುಕಡಿಮೆ ಇದನ್ನೇ ಆಡಿಸಿ ಎಂದಿತ್ತು. ಅದನ್ನು ಓದಿದ ಕಟ್ಟೆದೊಡ್ಡಿ ಹೈಸ್ಕೂಲಿನ ಪಿ.ಟಿ. ಮೇಡಂ ವನಜಾಕ್ಷಿ, ‘ಇದರ ಬದಲು ರಂಗೋಲಿ ಸ್ಪರ್ಧೆ ಇಟ್ಟುಬಿಡಿ ಸಾರ್’ ಎಂದು ಹೆಡ್‌ಮಾಸ್ಟರ ಮುಂದೆಯೇ ಅಂದು ಬೈಸಿಕೊಂಡಿದ್ದಳು.

ಅವಳ ಸಿಟ್ಟಿಗೆ ಕಾರಣವಿತ್ತು. ಮಂಡ್ಯ ಸೀಮೆಯಲ್ಲಿ ಕಬಡ್ಡಿ ಎಂದರೆ ಆಟ ಮಾತ್ರ ಅಲ್ಲ, ಮಾನದ ಪ್ರಶ್ನೆ. ವನಜಾಕ್ಷಿ ತಾನೂ ಒಂದು ಕಾಲಕ್ಕೆ ಯೂನಿವರ್ಸಿಟಿ ಟೀಮಿನಲ್ಲಿ ಆಡಿ, ಮಂಡಿ ಮುರಿದುಕೊಂಡು, ಆಮೇಲೆ ಟೀಚರಾದವಳು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳನ್ನು ಹುಡುಕಿ ತಂದು, ಅವರ ಅಪ್ಪಂದಿರ ಜೊತೆ ಬಾಯಿ ಮಾಡಿ, ಚಡ್ಡಿ ಹಾಕಿಸಿ ಮಣ್ಣಿಗೆ ಇಳಿಸಿ ಒಂದು ಟೀಮು ಕಟ್ಟಿದ್ದಳು. ಅದರಲ್ಲಿ ಅವಳ ಸ್ವಂತ ಮಗಳು ಭೂಮಿಕಾಳೂ ಇದ್ದಳು. ಟೀಮು ಇನ್ನೇನು ಪಳಗಿತು ಅನ್ನುವಷ್ಟರಲ್ಲಿ ರೋಗ ಬಂದು ವಕ್ಕರಿಸಿತು.

ಎದೆಜ್ವರ ಎಂದು ಹೆಸರಿಟ್ಟವರು ಯಾರೋ, ಅದರಲ್ಲಿ ಜ್ವರ ಬರುತ್ತಿದ್ದುದೇ ಕಡಿಮೆ. ಉಸಿರಿನಿಂದಲೂ ಬೆವರಿನಿಂದಲೂ ಹರಡುತ್ತಿತ್ತು. ಒಳಗೆ ಸೇರಿತೆಂದರೆ ಸದ್ದಿಲ್ಲದೆ ರಕ್ತದಲ್ಲಿನ ಆಮ್ಲಜನಕ ಇಳಿಯುತ್ತಾ ಹೋಗುತ್ತಿತ್ತು. ಮನುಷ್ಯ ಓಡಾಡಿಕೊಂಡು, ಮಾತಾಡಿಕೊಂಡು, ಸ್ವಲ್ಪ ಸುಸ್ತು ಎನ್ನುತ್ತಿದ್ದ ಹಾಗೇ ಕುಸಿದು ಬೀಳುತ್ತಿದ್ದ. ಬಿದ್ದ ತಕ್ಷಣ ಆಕ್ಸಿಜನ್ ಕೊಟ್ಟರೆ ಬಹಳ ಜನ ಉಳಿಯುತ್ತಿದ್ದರು, ತಡವಾದರೆ ಇಲ್ಲ. ತಾವು ಚಿಕ್ಕವರಿದ್ದಾಗ ಬಂದುಹೋದ ಕೊರೊನಾವನ್ನು ಊರಿನ ದೊಡ್ಡವರು ಈಗ ಯಾರೋ ಪುಣ್ಯಾತ್ಮನನ್ನು ನೆನೆಯುವಂತೆ ನೆನೆಯುತ್ತಿದ್ದರು. ಮನೆಯವರನ್ನು ಬಿಟ್ಟು ಇನ್ನೊಬ್ಬರನ್ನು ಮುಟ್ಟುವುದು ಕಾನೂನಿನ ಪ್ರಕಾರ ತಪ್ಪಾಗಿತ್ತು. ಮಕ್ಕಳು ಹೆಗಲ ಮೇಲೆ ಕೈ ಹಾಕಿಕೊಂಡು ಹೋಗುವುದನ್ನೇ ಮರೆತಿದ್ದರು.

ಹೀಗಿರುವಾಗ ಮೈಸೂರಿನ ಒಂದು ಪ್ರಯೋಗಾಲಯದಿಂದ ಅರ್ಷಿಯಾ ಎಂಬ ಎಂಜಿನಿಯರ್ ಹುಡುಗಿ ಜೀಪಿನ ತುಂಬ ಪೆಟ್ಟಿಗೆ ಹೇರಿಕೊಂಡು ಶಾಲೆಗೆ ಬಂದಳು. ಪೆಟ್ಟಿಗೆಗಳಲ್ಲಿದ್ದುದು ಜಾಕೆಟ್, ಕಾಲಿಗೆ ಸುತ್ತುವ ಪಟ್ಟಿ, ಕೈಗವಸು ಮತ್ತು ದಪ್ಪ ಕನ್ನಡಕ. ಸರ್ಕಾರಿ ಕಾಗದದಲ್ಲಿ ಅದರ ಹೆಸರು ಸ್ಪರ್ಶ ಕವಚ. ಮಕ್ಕಳು ಅದನ್ನು ಟಚ್ ಜಾಕೆಟ್ ಎಂದರು, ಅದೇ ನಿಂತಿತು. ಬಟ್ಟೆಯೊಳಗೆ ಸಣ್ಣಸಣ್ಣ ಗಾಳಿಚೀಲಗಳು. ಎದುರಾಳಿ ಹುಡುಗಿ ತನ್ನ ಊರಿನಲ್ಲಿ ಬರೀ ಗಾಳಿಯನ್ನು ಹಿಡಿದರೆ, ಇಲ್ಲಿ ಇವಳ ಪಾದದ ಪಟ್ಟಿ ಅಷ್ಟೇ ಜೋರಾಗಿ ಬಿಗಿದು ಕಾಲನ್ನು ಕಟ್ಟಿಹಾಕುತ್ತಿತ್ತು. ಕನ್ನಡಕ ಹಾಕಿದರೆ ಎರಡೂ ಟೀಮಿನವರು ಒಂದೇ ಅಂಕಣದಲ್ಲಿ ನಿಂತಂತೆ ಕಾಣುತ್ತಿತ್ತು. ನಿಜವಾಗಿ ಒಬ್ಬಳು ಮನೆಯ ತಾರಸಿಯ ಮೇಲೆ, ಒಬ್ಬಳು ರಾಗಿ ಕಣದಲ್ಲಿ, ಇನ್ನೊಬ್ಬಳು ಬೀಗ ಬಿದ್ದ ಕಲ್ಯಾಣಮಂಟಪದಲ್ಲಿ. ಜಾಕೆಟ್ಟು ಮೈಯ ಚಲನೆಯನ್ನಷ್ಟೇ ಕಳಿಸುತ್ತಿತ್ತು. ಮುಖ ಮಾತ್ರ ಶಾಲೆಯ ಗುರುತಿನ ಚೀಟಿಯ ಫೋಟೋದಿಂದ ತೆಗೆದದ್ದು, ಹಾಗಾಗಿ ಎಲ್ಲರೂ ಏನೇ ಆದರೂ ನಗುತ್ತಲೇ ಆಡುತ್ತಿದ್ದರು.

ಶಾಲೆಯ ಕಂಪ್ಯೂಟರ್ ಕೋಣೆಗೆ ಕಂಟ್ರೋಲ್ ರೂಮ್ ಎಂಬ ದೊಡ್ಡ ಹೆಸರು ಬಂತು. ಅಲ್ಲಿ ಪರದೆಯ ಮುಂದೆ ಒಂದು ಮೇಜಿನ ಅಂತರ ಬಿಟ್ಟು ಅರ್ಷಿಯಾ ಮತ್ತು ವನಜಾಕ್ಷಿ ಕೂರುತ್ತಿದ್ದರು. ವನಜಾಕ್ಷಿಯ ಕೈಯಲ್ಲಿ ಮೈಕು. ಅವಳು ಮಾತಾಡಿದರೆ ಏಳೂ ಹುಡುಗಿಯರ ಕಿವಿಗೆ ಬೀಳುತ್ತಿತ್ತು.

ಮೊದಲ ಸಲ ಜಾಕೆಟ್ ಹಾಕಿಸಿದ ದಿನ ವನಜಾಕ್ಷಿ ತನ್ನ ಮನೆಯ ತಾರಸಿಯ ಮೇಲೆ ಮಗಳ ಪಕ್ಕದಲ್ಲೇ ಇದ್ದಳು. ಭೂಮಿಕಾ ಆಡುತ್ತಿದ್ದುದು ಲೆಫ್ಟ್ ಇನ್ ಜಾಗದಲ್ಲಿ. ಅವಳ ಎಡಗೈ ಹಿಡಿಯಬೇಕಾದವಳು ಲೆಫ್ಟ್ ಕಾರ್ನರ್‌ನ ಧನುಶ್ರೀ. ರೈಡರ್ ಒಳಗೆ ಬಂದಾಗ ಈ ಇಬ್ಬರೂ ಕೈಕೈ ಹಿಡಿದು ಸರಪಳಿಯಾಗಿ ಸರಿಯುತ್ತಿದ್ದರು, ಸಮಯ ನೋಡಿ ಧನು ಕಾಲಿಗೆ ಬೀಳುತ್ತಿದ್ದಳು. ಎರಡು ವರ್ಷದಿಂದ ಇಬ್ಬರೂ ಒಬ್ಬರನ್ನೊಬ್ಬರು ದೂರದಿಂದ ನೋಡಿದ್ದಷ್ಟೆ. ಭೂಮಿಕಾ ಖಾಲಿ ಗಾಳಿಗೆ ಕೈ ಚಾಚಿದಳು. ಆಮೇಲೆ ಕಿರುಚಿದಳು.

“ಅಮ್ಮಾ! ಧನು ಕೈ! ಧನು ಕೈನೇ ಇದು! ಹಿಂಗೇ ಹಿಡಿಯೋದು ಅವ್ಳು, ಬೆರಳು ಮುರಿಯೋ ಹಂಗೆ!”

ಹೇಳುತ್ತಾ ಹೇಳುತ್ತಾ ಅಲ್ಲೇ ಅಳಲು ಶುರುಮಾಡಿದಳು. ವನಜಾಕ್ಷಿ ತಾನೂ ಕಣ್ಣೊರೆಸಿಕೊಂಡಳು. ಅಳುತ್ತಿದ್ದ ಮಗಳನ್ನು ಗದರಿಸಿ, “ಕನ್ನಡಕ ಒದ್ದೆ ಮಾಡ್ಬೇಡ, ಸರ್ಕಾರದ್ದು” ಎಂದಳು.

ಆಟವೇನೋ ಬಂತು, ಗೆಲುವು ಬರಲಿಲ್ಲ. ತಪ್ಪು ಹುಡುಗಿಯರದಲ್ಲ, ಟವರಿನದು. ನೆಟ್‌ವರ್ಕ್ ಒಂದು ಕ್ಷಣ ಹೋದರೂ ಆ ಹುಡುಗಿ ಪರದೆಯ ಮೇಲೆ ಕಲ್ಲಿನಂತೆ ನಿಂತುಬಿಡುವಳು. ಹಾಗೆ ನಿಂತರೆ ನಿಯಮದ ಪ್ರಕಾರ ಔಟ್. ಪಟ್ಟಣದ ಶಾಲೆಗಳಿಗೆ ಈ ತಾಪತ್ರಯ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಸಲ ಔಟಾಗುತ್ತಿದ್ದವಳು ಧನು. ಅವಳು ಆಡುತ್ತಿದ್ದುದು ಊರಾಚೆ, ಕೆಲಸ ನಿಲ್ಲಿಸಿದ್ದ ಒಂದು ಆಲೆಮನೆಯ ಶೆಡ್ಡಿನಲ್ಲಿ. ಅಷ್ಟು ದೊಡ್ಡ ಸಮತಟ್ಟು ಜಾಗ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಮೇಲೆ ತಗಡಿನ ಚಾವಣಿ, ಸಿಗ್ನಲ್ಲು ಬಂದರೆ ಬಂತು, ಹೋದರೆ ಹೋಯಿತು.

“ನಮ್ಮಕ್ಕಳು ಆಟದಲ್ಲಿ ಸೋತಿದ್ರೆ ಬಾಯ್ ಮುಚ್ಕೊಂಡಿರ್ತಿದ್ದೆ ಕಣಮ್ಮ” ಎಂದಳು ವನಜಾಕ್ಷಿ, ಮೂರನೇ ಪಂದ್ಯವೂ ಹೋದ ದಿನ. “ಸಿಗ್ನಲ್ ಇಲ್ದೆ ಸೋತವೆ. ಇದೇನ್ ನ್ಯಾಯ?”

ಅರ್ಷಿಯಾ ಮೂರು ವಾರ ಕೂತು ಒಂದು ಉಪಾಯ ಮಾಡಿದಳು. ಅದಕ್ಕೆ ಆಸರೆ ಎಂದು ಹೆಸರಿಟ್ಟಳು. ತಿಂಗಳುಗಟ್ಟಲೆ ಅಭ್ಯಾಸದಲ್ಲಿ ಯಂತ್ರ ಪ್ರತಿ ಹುಡುಗಿಯನ್ನೂ ನೋಡಿತ್ತು. ಯಾರು ಯಾವ ಕಾಲು ಮೊದಲು ಎತ್ತುತ್ತಾರೆ, ಯಾರು ಯಾವಾಗ ಬಗ್ಗುತ್ತಾರೆ, ಯಾರ ಹಿಡಿತ ಎಷ್ಟು ಬಿಗಿ ಎಲ್ಲವೂ ಅದಕ್ಕೆ ಗೊತ್ತಿತ್ತು. ಸಿಗ್ನಲ್ ಹೋದಾಗ, ಅವಳು ಇದ್ದಿದ್ದರೆ ಏನು ಮಾಡುತ್ತಿದ್ದಳೋ ಅದನ್ನೇ ಯಂತ್ರ ಮಾಡುತ್ತಿತ್ತು. ಸಿಗ್ನಲ್ ಬಂದೊಡನೆ ಬದಿಗೆ ಸರಿಯುತ್ತಿತ್ತು. ಅಂಕಣದಲ್ಲಿದ್ದ ಯಾರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕಂಟ್ರೋಲ್ ರೂಮಿನ ಪರದೆಯಲ್ಲಿ ಮಾತ್ರ ಅವಳ ಹೆಸರಿನ ಪಕ್ಕ ಒಂದು ಹಳದಿ ದೀಪ ಹತ್ತುತ್ತಿತ್ತು.

“ಅರ್ಧ ನಿಮಿಷ ಸಾಕಲ್ವಾ ಮೇಡಂ?” ಎಂದು ಅರ್ಷಿಯಾ ಕೇಳಿದಳು. “ಅದಕ್ಕಿಂತ ಜಾಸ್ತಿ ಹೊತ್ತು ಸಿಗ್ನಲ್ ಬರದಿದ್ದರೆ ಔಟ್ ಅಂತ ಇಟ್ಟುಬಿಡೋಣ.”

“ಆಲೆಮನೇಲಿ ಅರ್ಧ ನಿಮಿಷಕ್ಕೆಲ್ಲ ಬರುತ್ತಾ ಅದು? ಫಸ್ಟ್ ಹಾಫೋ ಸೆಕೆಂಡ್ ಹಾಫೋ, ಅದು ಮುಗಿಯೋವರೆಗೂ ಇರ್ಲಿ. ಒಂದು ಕಾರ್ನರ್ ಖಾಲಿ ಬಿದ್ರೆ ಇಡೀ ಟೀಮು ಕುಂಟುತ್ತೆ.”

“ಅಷ್ಟು ಹೊತ್ತು ಬೇಡ ಅನ್ಸುತ್ತೆ ನಂಗೆ.”

“ನೀನು ಕಬಡ್ಡಿ ಆಡಿಲ್ಲ ಕಣಮ್ಮ.”

ಅರ್ಷಿಯಾ ಅರ್ಧ ನಿಮಿಷವನ್ನು ಅಳಿಸಿ ಮೇಡಂ ಹೇಳಿದಂತೆ ಬರೆದುಕೊಂಡಳು. ಪಂದ್ಯಾವಳಿಯ ಸಮಿತಿಗೂ ಹಳ್ಳಿ ಶಾಲೆಗಳ ಗೋಳು ಕೇಳಿ ಸಾಕಾಗಿತ್ತು, ಒಪ್ಪಿದರು. ಅಲ್ಲಿಂದಾಚೆ ಕಟ್ಟೆದೊಡ್ಡಿಯ ಹುಡುಗಿಯರು ಗೆಲ್ಲತೊಡಗಿದರು.

ಧನು ಬಗ್ಗೆ ಎರಡು ಮಾತು ಹೇಳಬೇಕು. ಅಪ್ಪ ಇರಲಿಲ್ಲ. ತಾಯಿ ಜಯಶೀಲ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಫ್ಯಾಕ್ಟರಿ ವ್ಯಾನು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಫೈನಲ್ ತಲುಪಿದ ಟೀಮುಗಳಿಂದ ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಹುಡುಗಿಯರನ್ನು ಆರಿಸುತ್ತಾರೆ ಎಂಬ ಸುದ್ದಿ ಬಂದ ಮೇಲೆ ಧನುಗೆ ನಿದ್ದೆಯಲ್ಲೂ ಅದೇ ಧ್ಯಾನ. ಹೆಚ್ಚು ಮಾತಿನವಳಲ್ಲ. ಆಡು ಎಂದರೆ ಆಡುವಳು, ಇನ್ನೊಂದು ಸಲ ಎಂದರೆ ಇನ್ನೊಂದು ಸಲ.

ವನಜಾಕ್ಷಿ ತನ್ನ ಹುಡುಗಿಯರಿಗೆ ಹಿಡಿತಕ್ಕಿಂತ ಮೊದಲು ಕಲಿಸುತ್ತಿದ್ದ ಪಾಠ ಒಂದಿತ್ತು. ಕಬಡ್ಡಿ ಆಡುವವರೆಲ್ಲ ಕಲಿಯುವ ಪಾಠವೇ ಅದು. ನೋಯುತ್ತಿರುವ ಕಾಲನ್ನು ತೋರಿಸಬೇಡ. ಮಂಡಿ ಉಜ್ಜಿಕೊಂಡರೆ, ಕುಂಟಿದರೆ, ಮುಖ ಕಿವುಚಿದರೆ ಎದುರಿನವಳು ಮುಂದಿನ ರೈಡಿನಲ್ಲಿ ನೇರ ಆ ಕಾಲಿಗೇ ಬರುತ್ತಾಳೆ. ಏಟು ಬಿದ್ದರೂ ನೆಟ್ಟಗೆ ಎದ್ದು ನಿಲ್ಲಬೇಕು. ‘ಹೆಂಗಿದ್ದೀರೇ?’ ಎಂದು ಅವಳು ಕೇಳಿದರೆ, ‘ಸೂಪರ್ ಮಿಸ್’ ಎಂದು ಏಳು ಗಂಟಲೂ ಒಟ್ಟಿಗೆ ಕೂಗಬೇಕು. ಅವಳಿಗೂ ಅವಳ ಕೋಚು ಹೀಗೇ ಕಲಿಸಿದ್ದು. ಮುರಿದ ಮಂಡಿಯಲ್ಲೇ ಎರಡು ರೈಡು ಮಾಡಿದ ಕಥೆಯನ್ನು ಅವಳು ಹೆಮ್ಮೆಯಿಂದ ಹೇಳುತ್ತಿದ್ದಳು, ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಸೆಮಿಫೈನಲ್ ಒಂದು ಶನಿವಾರ ಮಧ್ಯಾಹ್ನ. ಎದುರಿಗೆ ಜಿಲ್ಲಾ ಕೇಂದ್ರದ ಒಂದು ದೊಡ್ಡ ಖಾಸಗಿ ಶಾಲೆ. ಊರಿನ ಜನ ಅವರವರ ಮನೆಯ ಫೋನು, ಟಿವಿಗಳ ಮುಂದೆ ಕೂತಿದ್ದರು. ಮೊದಲ ಅರ್ಧ ಮುಗಿದಾಗ ಕಟ್ಟೆದೊಡ್ಡಿ ಎರಡು ಅಂಕ ಹಿಂದಿತ್ತು.

“ಹೆಂಗಿದ್ದೀರೇ?” ಎಂದಳು ವನಜಾಕ್ಷಿ ಮೈಕಿನಲ್ಲಿ.

“ಸೂಪರ್ ಮಿಸ್!”

ಆರು ದನಿ ಒಟ್ಟಿಗೆ ಬಂದವು, ಏಳನೆಯದು ಸ್ವಲ್ಪ ಹಿಂದೆ ಬಂತು.

“ಧನು, ಏನೇ?”

“ಸೂಪರ್ ಮಿಸ್” ಎಂದಿತು ಧನುವಿನ ದನಿ. ಪದಗಳ ನಡುವೆ ಒಂದು ಸಣ್ಣ ತಡೆ ಇತ್ತು. ಪರದೆಯ ಮೇಲೆ ಅವಳು ನಗುತ್ತಿದ್ದಳು, ಅದು ಫೋಟೋದ ನಗು. ಎಲ್ಲೋ ಏಟು ಬಿದ್ದಿದೆ, ಮುಚ್ಚಿಡುತ್ತಿದ್ದಾಳೆ ಎಂದುಕೊಂಡಳು ವನಜಾಕ್ಷಿ. ಹುಡುಗಿ ಪಕ್ಕಾ ಆಟಗಾರ್ತಿಯಾದಳು ಎಂದು ಒಳಗೊಳಗೇ ಖುಷಿಪಟ್ಟಳು.

ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೇ ಧನುವಿನ ಹೆಸರಿನ ಪಕ್ಕ ಹಳದಿ ದೀಪ ಹತ್ತಿತು.

“ಆಲೆಮನೆ ಮತ್ತೆ ಹೋಯ್ತು” ಎಂದಳು ಅರ್ಷಿಯಾ.

“ಅದು ಯಾವಾಗ ನೆಟ್ಟಗಿತ್ತು?” ಎಂದಳು ವನಜಾಕ್ಷಿ, ಆಟದಿಂದ ಕಣ್ಣು ತೆಗೆಯದೆ.

ಆ ದಿನ ಲೆಫ್ಟ್ ಕಾರ್ನರ್ ಆಡಿದ ಆಟವನ್ನು ಊರು ಇವತ್ತಿಗೂ ಮಾತಾಡಿಕೊಳ್ಳುತ್ತದೆ. ಎದುರಿನ ಮುಖ್ಯ ರೈಡರ್ ಆ ಕಡೆ ಮೂರು ಸಲ ಬಂದಳು, ಮೂರು ಸಲವೂ ಪಾದ ಸಿಕ್ಕಿಸಿಕೊಂಡು ಮಕಾಡೆ ಬಿದ್ದಳು. ಭೂಮಿಕಾ ಮತ್ತು ಧನುವಿನ ಸರಪಳಿ ಒಂದೇ ಮೈಯಂತೆ ಸರಿಯುತ್ತಿತ್ತು. “ಶಭಾಷ್ ಧನು! ಹಾಗೇ ಬಗ್ಗು! ಕೈ ಬಿಡಬೇಡ ಭೂಮಿ!” ಎಂದು ಕೂಗಿ ಕೂಗಿ ವನಜಾಕ್ಷಿಯ ದನಿ ಒಡೆದುಹೋಯಿತು. ನಡುವೆ ಒಮ್ಮೆ ಅರ್ಷಿಯಾ, “ಬಹಳ ಹೊತ್ತಾಯ್ತು ಮೇಡಂ, ಒಂದು ಫೋನ್ ಮಾಡಿ ನೋಡ್ಲಾ?” ಎಂದಳು. “ಈಗ ಫೋನ್ ಮಾಡಿ ಏಕಾಗ್ರತೆ ಕೆಡಿಸ್ಬೇಡ, ಮುಗೀಲಿ” ಎಂದಳು ವನಜಾಕ್ಷಿ. ಕೊನೆಯ ರೈಡಿನಲ್ಲಿ ಲೆಫ್ಟ್ ಕಾರ್ನರ್ ಮತ್ತೆ ಕಾಲು ಹಿಡಿಯಿತು. ಸೀಟಿ ಕೇಳಿಸಿತು. ಕಟ್ಟೆದೊಡ್ಡಿ ಒಂದು ಅಂಕದಿಂದ ಗೆದ್ದು ಫೈನಲ್ ತಲುಪಿತು.

ಪರದೆಯ ಮೇಲೆ ಹುಡುಗಿಯರು ಕುಣಿದರು. ಒಬ್ಬಳು ಲಾಗ ಹಾಕಿದಳು, ಇಬ್ಬರು ನೆಲಕ್ಕೆ ಬಿದ್ದು ಹೊರಳಾಡಿದರು. ಭೂಮಿಕಾ ಲೆಫ್ಟ್ ಕಾರ್ನರ್ ಕಡೆ ಓಡಿ ಧನುವನ್ನು ತಬ್ಬಿಕೊಂಡಳು.

ಧನು ತಬ್ಬಿಕೊಳ್ಳಲಿಲ್ಲ. ಮಂಡಿ ಬಗ್ಗಿಸಿ, ಒಂದು ಕೈ ಮುಂದೆ ಚಾಚಿ, ಮುಂದಿನ ರೈಡರ್ ಬರುವ ದಾರಿ ನೋಡುತ್ತಾ ಹಾಗೇ ನಿಂತಿದ್ದಳು. ಮುಖದಲ್ಲಿ ಅದೇ ಫೋಟೋದ ನಗು. ಗೆದ್ದಾಗ ಧನು ಏನು ಮಾಡುತ್ತಾಳೆ ಎಂಬುದನ್ನು ಯಂತ್ರ ಅಭ್ಯಾಸದಲ್ಲಿ ಯಾವತ್ತೂ ನೋಡಿರಲಿಲ್ಲ.

“ಧನು?” ಎಂದಳು ಭೂಮಿಕಾ. “ಏಯ್ ಧನು, ಗೆದ್ವಲ್ಲೇ!”

ಅರ್ಷಿಯಾ ಎದ್ದು ನಿಂತಳು. ಅಷ್ಟರಲ್ಲಿ ವನಜಾಕ್ಷಿ ಬಾಗಿಲು ದಾಟಿಯಾಗಿತ್ತು.

ಸ್ಕೂಟರಿನಲ್ಲಿ ಆಲೆಮನೆ ದೂರವೇನಲ್ಲ, ಆದರೆ ಆ ದಾರಿ ಅವಳ ಪಾಲಿಗೆ ಮುಗಿಯಲಿಲ್ಲ. ಧನು ಶೆಡ್ಡಿನ ಮಧ್ಯೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಉಸಿರು ಕಟ್ಟಿದಂತಾಗಿ ಜಾಕೆಟ್ಟಿನ ಎದೆಪಟ್ಟಿಯನ್ನು ತಾನೇ ಬಿಚ್ಚಿಕೊಂಡಿದ್ದಳು. ಪಟ್ಟಿ ಬಿಚ್ಚಿದೊಡನೆ ಸಿಗ್ನಲ್ ನಿಂತಿತ್ತು. ಯಂತ್ರ ಅದನ್ನು ಟವರಿನ ತೊಂದರೆ ಎಂದುಕೊಂಡಿತು, ವನಜಾಕ್ಷಿಯೂ ಹಾಗೇ ಅಂದುಕೊಂಡಿದ್ದಳು. ತುಟಿ ನೀಲಿಯಾಗಿತ್ತು. ಮುಟ್ಟಬಾರದು ಎಂಬುದೆಲ್ಲ ವನಜಾಕ್ಷಿಗೆ ನೆನಪಾಗಲಿಲ್ಲ, ಬಾಚಿ ಎತ್ತಿಕೊಂಡಳು. ಕೈಗವಸಿನೊಳಗಿನ ಕೈ ತಣ್ಣಗೆ ಮೆತ್ತಗಿತ್ತು, ಬೆರಳುಗಳಿಗೆ ಯಾವ ಹಿಡಿತವೂ ಇರಲಿಲ್ಲ.

ತಾಲೂಕು ಕೇಂದ್ರದ ಆಸ್ಪತ್ರೆಯಲ್ಲಿ ಸಂಜೆಯವರೆಗೆ ಉಸಿರು ಇತ್ತು. ಆಮೇಲೆ ಇರಲಿಲ್ಲ. ಡಾಕ್ಟರು ಒಳ್ಳೆಯವರು, ಯಾರನ್ನೂ ದೂರಲಿಲ್ಲ. ಗಾಜಿನಾಚೆಯಿಂದ, “ಬಿದ್ದ ತಕ್ಷಣ ತಂದಿದ್ದರೆ ನೋಡಬಹುದಿತ್ತು, ಕಾಲು ಗಂಟೆ ಅಂದ್ರೆ ಇದರಲ್ಲಿ ಬಹಳ” ಎಂದಷ್ಟೇ ಹೇಳಿದರು. ಜಯಶೀಲ ಫ್ಯಾಕ್ಟರಿಯಿಂದ ಬರುವಷ್ಟರಲ್ಲಿ ಮಗಳನ್ನು ಚೀಲದೊಳಗೆ ಹಾಕಿ ಜಿಪ್ ಎಳೆದಿದ್ದರು. ನಿಯಮ ಹಾಗಿತ್ತು. ತಾಯಿಗೆ ಮುಟ್ಟಲು ಸಿಗಲಿಲ್ಲ.

ವನಜಾಕ್ಷಿ ಎರಡು ವಾರ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇರಬೇಕಾಯಿತು. ಅವಳಿಗೆ ರೋಗ ಬರಲಿಲ್ಲ, ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು. ಭೂಮಿಕಾ ಬಾಗಿಲಾಚೆ ತಟ್ಟೆ ಇಟ್ಟು ಹೋಗುತ್ತಿದ್ದಳು. ಕೋಣೆಯಿಂದ ಹೊರಬಂದ ದಿನ ನೋಡಿದರೆ ಹುಡುಗಿ ಅರ್ಧ ಆಗಿದ್ದಳು. ಎಡಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದಳು.

“ಅಮ್ಮ, ಒಂದ್ ಕೇಳ್ಲಾ? ಕೊನೇ ರೈಡಲ್ಲಿ ನನ್ ಕೈ ಹಿಡಿದಿದ್ದು ಅವ್ಳೇ ತಾನೆ?”

ವನಜಾಕ್ಷಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

“ಎಲ್ರೂ ಮಿಷನ್ನು ಅಂತಾರೆ. ನಂಗ್ ಗೊತ್ತಿಲ್ವಾ ಅವಳ ಕೈ? ಅವ್ಳೇ ಅಮ್ಮ. ಮಿಷನ್ ಆಗಿದ್ರೆ ನಂಗ್ ಗೊತ್ತಾಗ್ತಿತ್ತು.” ಎಡಗೈಯನ್ನು ಇನ್ನೂ ಒಳಗೆಳೆದುಕೊಂಡಳು. “ಗೊತ್ತಾಗ್ಬೇಕಿತ್ತು ಅಲ್ವಾ? ಅವ್ಳು ಅಲ್ಲಿ ಬಿದ್ದಿದ್ಳು, ನಾನಿಲ್ಲಿ ಕೈ ಹಿಡ್ಕೊಂಡು ನಗ್ತಾ ಇದ್ದೆ.”

ವನಜಾಕ್ಷಿ ಮಗಳನ್ನು ಎಳೆದು ಎದೆಗೆ ಅವುಚಿಕೊಂಡಳು. ನಿನ್ನ ತಪ್ಪಲ್ಲ ಎಂದು ಹತ್ತು ಸಲ ಹೇಳಿದಳು. ಯಾರ ತಪ್ಪು ಎಂಬುದನ್ನು ಮಾತ್ರ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಕಾಲ ಹೇಗೋ ಮೇಲೊಂದಿಷ್ಟು ಮಣ್ಣು ಎಳೆಯುತ್ತಿತ್ತು. ಆದರೆ ಪಂದ್ಯಾವಳಿಯ ಸಮಿತಿಯಿಂದ ಫೋನು ಬಂತು. ಮುಂದೂಡಿದ್ದ ಫೈನಲ್ ಈಗ ನಡೆಯುತ್ತದೆ. ಧನುಶ್ರೀಯ ನೆನಪಿಗೆಂದು ನಿಯಮ ಸಡಿಲಿಸಿದ್ದಾರೆ. ಇಡೀ ಪಂದ್ಯ ಲೆಫ್ಟ್ ಕಾರ್ನರ್‌ನಲ್ಲಿ ಆಸರೆಯ ಧನುವೇ ಆಡಬಹುದು. ದೊಡ್ಡ ಮನಸ್ಸಿನ ಕೆಲಸ ಎಂದು ಅವರು ನಿಜವಾಗಿಯೂ ನಂಬಿದ್ದರು. ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡು ಒಪ್ಪಿದರು. ಊರೂ ಒಪ್ಪಿತು. ಆರು ಹುಡುಗಿಯರಿಗೂ ಅದೇ ಬೇಕಿತ್ತು, ಭೂಮಿಕಾಳಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತು. “ಒಂದೇ ಒಂದ್ ಸಲ ಅಮ್ಮ, ಈ ಸಲ ಗೊತ್ತಿದ್ದೇ ಹಿಡೀತೀನಿ” ಎಂದು ಅವಳು ಬೇಡಿಕೊಂಡಾಗ ವನಜಾಕ್ಷಿಗೆ ಇಲ್ಲ ಎನ್ನಲಾಗಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಆ ಹುಡುಗಿ ಅಲ್ಲಿ ನಿಂತದ್ದನ್ನು ಇನ್ನೊಮ್ಮೆ ನೋಡುವ ಆಸೆ ಇತ್ತು.

ತಾಯಿಯ ಒಪ್ಪಿಗೆ ಮಾತ್ರ ಬಾಕಿ. ವನಜಾಕ್ಷಿ ಜಯಶೀಲಳನ್ನು ಒಂದು ಭಾನುವಾರ ಬೆಳಿಗ್ಗೆ ಶಾಲೆಗೆ ಕರೆಸಿದಳು.

ಜಯಶೀಲ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮುಖಗವಸು ಹಾಕಿಕೊಂಡು ಬಂದಳು. ಕಂಟ್ರೋಲ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ವನಜಾಕ್ಷಿ ಕುರ್ಚಿ ತೋರಿಸಿದಳು, ಅವಳು ಕೂರಲಿಲ್ಲ. ವನಜಾಕ್ಷಿಯೂ ನಿಂತೇ ಇದ್ದಳು. ಬೇರೆ ಮಾತೆಲ್ಲ ಬಿಟ್ಟು, ಇಷ್ಟು ದಿನ ನುಂಗಿಕೊಂಡದ್ದನ್ನು ಮೊದಲು ಹೇಳಿದಳು.

“ಜಯಶೀಲಮ್ಮ, ಧನು ಹೆಸರಿನ ಪಕ್ಕ ಹಳದಿ ದೀಪ ಹತ್ತಿದ್ದನ್ನ ನಾನು ನೋಡ್ದೆ. ಟವರು ಹೋಗಿದೆ ಅಂದ್ಕೊಂಡೆ. ಅರ್ಷಿಯಾ ಫೋನ್ ಮಾಡ್ತೀನಿ ಅಂದ್ಳು, ನಾನೇ ಬೇಡ ಅಂದೆ. ಆಟ ಚೆನ್ನಾಗಿ ಹೋಗ್ತಿತ್ತು, ಅದಕ್ಕೆ.”

ಬೈಯುತ್ತಾಳೆ ಎಂದುಕೊಂಡಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು. 

“ನಾನೂವೆ ನೋಡಿದ್ದೆ ಕಣ್ ಮೇಡಂ” ಎಂದಳು ಜಯಶೀಲ. “ಬೆಳಿಗ್ಗೆ ಮುದ್ದೆ ಅರ್ಧಕ್ಕೇ ಬುಟ್ಟು ಎದ್ಲು. ಯಾಕವ್ವ ಅಂದೆ, ಏನಿಲ್ಲ ಕಣವ್ವೋ ಅಂದ್ಲು. ಆಟ ಐತಲ್ಲ, ಅದ್ಕೇಯ ಸೇರ್ನಿಲ್ಲ ಅಂದ್ಕಂಡು ವ್ಯಾನ್ ಅತ್ತುದೆ. ಅಣೆ ಮುಟ್ ನೋಡ್ನಿಲ್ಲ ನಾನು.”

ಪರದೆಯ ಮುಂದಿದ್ದ ಅರ್ಷಿಯಾ ಮುಖ ಅತ್ತ ತಿರುಗಿಸಿಕೊಂಡಳು.

ಜಯಶೀಲ ಯಂತ್ರದ ಕಡೆ ನೋಡಿ ಕೇಳಿದಳು. “ಅವಳ ಕೈ ಇದ್ರಲ್ಲಿ ಐತೆ ಅಂತಾರಲ್ಲ, ನಿಜ್ವಾ?”

ಅರ್ಷಿಯಾ ಯಂತ್ರ ಚಾಲೂ ಮಾಡಿ ಕೈಗವಸನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಳು. ಪರದೆಯ ಮೇಲೆ ಧನು ಬಂದಳು. ಜಯಶೀಲ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೈಗವಸಿನೊಳಗೆ ತೂರಿಸಿದಳು. ಗಾಳಿಚೀಲಗಳು ಉಬ್ಬಿದವು. ಅವಳ ಮೈ ಒಮ್ಮೆ ಬೆಚ್ಚಿತು. ಕಣ್ಣು ಮುಚ್ಚಿಕೊಂಡು ನಿಂತಳು, ಮುಖಗವಸು ಉಸಿರಿಗೆ ಒಳಕ್ಕೆ ಹೊರಕ್ಕೆ ಆಡುತ್ತಿತ್ತು. ಆಮೇಲೆ ಮೆಲ್ಲಗೆ ತಲೆಯಾಡಿಸಿದಳು.

“ಇಲ್ಲ ಕಣಿ. ಇದು ನನ್ ಮಗಳ ಕೈ ಅಲ್ಲ.”

“ಇದೇ ಹಿಡಿತ ಜಯಶೀಲಮ್ಮ. ಭೂಮಿಗೇ ವ್ಯತ್ಯಾಸ ಗೊತ್ತಾಗ್ಲಿಲ್ಲ” ಎಂದಳು ವನಜಾಕ್ಷಿ.

“ಭೂಮವ್ವಂಗೆ ಆಟದ್ ಕೈ ಗೊತ್ತು. ಮನೇಲಿ ಇಂಗೆ ಇಡೀತಿರ್ನಿಲ್ಲ ಅವ್ಳು. ಮನಗಿರೋವಾಗ ನನ್ ತೋಳ್ ಮ್ಯಾಲೆ ಕೈ ಆಕಿದ್ರೂವೆ ಐತೋ ಇಲ್ವೋ ಅನ್ನಂಗೆ ಇರದು. ಇದು ನೀವು ಕಲ್ಸಿರೋ ಕೈ ಮೇಡಂ.”

ಅವಳ ದನಿಯಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು, ಅಷ್ಟೆ. 

ಜಯಶೀಲ ಕೈ ಬಿಡಿಸಿಕೊಂಡು ಪರದೆಯ ಹತ್ತಿರ ಹೋದಳು. ಮಗಳು ಮಂಡಿ ಬಗ್ಗಿಸಿ ನಿಂತಿದ್ದಳು.

“ಯಾವಾಗ್ನಿಂದ ಇಂಗೆ ನಿಂತವ್ಳೆ?”

“ಆನ್ ಮಾಡಿದಾಗೆಲ್ಲ ಹೀಗೇ ಬರ್ತಾಳೆ ಅಮ್ಮ” ಎಂದಳು ಅರ್ಷಿಯಾ.

“ಕೂತ್ಕಳಕೆ ಏಳಿ ಮೇಡಂ. ನಿಮ್ ಮಾತು ಮೀರ್ತಿರ್ನಿಲ್ಲ ಅವ್ಳು.”

ಕೂರುವುದು ಅದಕ್ಕೆ ಬರುವುದಿಲ್ಲ ಎಂದು ಹೇಳಲು ಅರ್ಷಿಯಾ ಬಾಯಿ ತೆರೆದಳು, ಆ ತಾಯಿಯ ಮುಖ ನೋಡಿ ಸುಮ್ಮನಾದಳು. ವನಜಾಕ್ಷಿ ಮೈಕು ಎತ್ತಿಕೊಂಡಳು. 

“ಧನು, ಕೂತ್ಕೊಳವ್ವ.”

ಆ ದನಿ ಕೇಳಿದ್ದೇ ತಡ, ಪರದೆಯ ಮೇಲಿನ ಹುಡುಗಿ ಇನ್ನಷ್ಟು ಬಗ್ಗಿದಳು. ಎರಡೂ ಕೈ ಅಗಲಿಸಿ, ಹಿಮ್ಮಡಿ ಎತ್ತಿ, ಹಾರಲು ಸಿದ್ಧಳಾದಳು. ಅಭ್ಯಾಸದಲ್ಲಿ ಮೇಡಂ ಹೆಸರು ಹಿಡಿದು ಕೂಗಿದಾಗೆಲ್ಲ ಧನು ಮಾಡುತ್ತಿದ್ದುದು ಅದನ್ನೇ, ಯಂತ್ರಕ್ಕೆ ತಿಳಿದದ್ದೂ ಅಷ್ಟೇ.

“ಸಾಕು ಧನು. ಸುಸ್ತಾಗಿದ್ರೆ ಕೂತ್ಕೊ ಕಂದ. ಪರವಾಗಿಲ್ಲ, ಕೂತ್ಕೊ.”

ಹುಡುಗಿ ನಗುತ್ತಾ ಒಂದು ಹೆಜ್ಜೆ ಮುಂದೆ ಬಂದು ಕೈ ಚಾಚಿದಳು. ಬದುಕಿದ್ದಾಗ ಈ ಮಾತನ್ನು ಅವಳಿಗೆ ವನಜಾಕ್ಷಿ ಒಂದು ಸಲವೂ ಹೇಳಿರಲಿಲ್ಲ.

ಜಯಶೀಲ ಪರದೆಗೆ ಅಂಗೈ ತಾಗಿಸಿದಳು. ಮಗಳ ಕೆನ್ನೆಯ ಜಾಗದಲ್ಲಿ ಇಟ್ಟು, ತೆಗೆದಳು.

“ಬ್ಯಾಡ ಮೇಡಂ” ಎಂದಳು. “ಆಡುಸ್ಬ್ಯಾಡಿ. ಸುಸ್ತಾದ್ರೆ ಸುಸ್ತು ಅನ್ನಕ್ ಬರದ ಮಗೀನ ಇನ್ನೊಂದ್ ದಪ ಆಟುಕ್ಕೆ ಕಳ್ಸಕಿಲ್ಲ ನಾನು. ಒಂದ್ ದಪ ಕಳ್ಸಿದ್ದೇ ಸಾಕು.”

ಅರ್ಷಿಯಾ ವನಜಾಕ್ಷಿಯ ಕಡೆ ನೋಡಿದಳು. ವನಜಾಕ್ಷಿ ಹೂಂ ಎಂದಳೋ ತಲೆಯಾಡಿಸಿದಳೋ ಅವಳಿಗೇ ತಿಳಿಯಲಿಲ್ಲ. ಪರದೆ ಆರಿತು. ಮನೆಗೆ ಹೋದರೆ ಭೂಮಿಕಾ ಬಾಗಿಲಲ್ಲೇ ಕಾಯುತ್ತಿರುತ್ತಾಳೆ, ಅವಳಿಗೆ ಏನು ಹೇಳುವುದು ಎಂದು ಯೋಚಿಸಲು ನೋಡಿದಳು. ಏನೂ ಹೊಳೆಯಲಿಲ್ಲ. ಮೈಕು ಕೈಯಲ್ಲಿ ಹಾಗೇ ಇತ್ತು. ಕೆಟ್ಟ ಮಂಡಿ ಆಗಿನಿಂದ ಸೆಳೆಯುತ್ತಿತ್ತು, ಅವಳು ನೆಟ್ಟಗೆ ನಿಂತೇ ಇದ್ದಳು.

ಬಾಗಿಲವರೆಗೆ ಹೋಗಿದ್ದ ಜಯಶೀಲ ತಿರುಗಿ ನೋಡಿದಳು. ವಾಪಸು ಬಂದು ಮೈಕನ್ನು ವನಜಾಕ್ಷಿಯ ಬೆರಳುಗಳಿಂದ ಬಿಡಿಸಿ ಮೇಜಿನ ಮೇಲಿಟ್ಟಳು. ಕುರ್ಚಿ ಎಳೆದಳು. ಆಮೇಲೆ ಅವಳ ಭುಜದ ಮೇಲೆ ಕೈಯಿಟ್ಟಳು.

“ನೀವಾದ್ರೂ ಕೂತ್ಕಳಿ ಮೇಡಂ.”

ವನಜಾಕ್ಷಿ ಕೂತಳು. ಕೂತು, ಮೇಜಿಗೆ ಹಣೆ ಹಚ್ಚಿ, ಮಗುವಿನ ಹಾಗೆ ಅತ್ತಳು.